ಎಂಬತ್ಮೂರನೆಯ ನಂಬರಿನವನ ತಾಯಿಗೆ

ಹಾಲ್‌ಬ್ರೂಕ್, ಟೆನೆಸೀ
ಅಕ್ಟೋಬರ್ 19, 1981

ಶ್ರೀಮತಿ ಬೀಸ್ಲಿ ಅವರಿಗೆ,

ನನ್ನ ಹೆಸರು ವರ್ನನ್ ಟ್ಯಾಕೆಟ್. ಶನಿವಾರದ ಫುಟ್‌ಬಾಲ್ ಆಟದಲ್ಲಿ ಹಾಲ್‌ಬ್ರೂಕ್ ಕಾಲೇಜಿನ ಕಡೆಯಿಂದ ಇಪ್ಪತ್ತೇಳನೆಯ ನಂಬರಿನ ಅಂಗಿ ತೊಟ್ಟಿದ್ದವನು ನಾನು. ಚೆಂಡು ಹಿಡಿಯಲು ಕೈ ಚಾಚಿ ನೆಗೆದಿದ್ದ ನಿಮ್ಮ ಮಗ ಲೂಥರ್‌ಗೆ ಡಿಕ್ಕಿ ಹೊಡೆದು ಬೀಳಿಸಿದವನು. ಇದನ್ನು ಮೊದಲೇ ಹೇಳಿಬಿಟ್ಟರೆ, ಮುಂದೆ ಓದುವುದೋ ಹರಿದು ಹಾಕುವುದೋ ಎಂದು ನೀವು ಇಲ್ಲೇ ತೀರ್ಮಾನಿಸಬಹುದು.

ನಿನ್ನೆ ಮಧ್ಯಾಹ್ನ ಆಸ್ಪತ್ರೆಗೆ ಬಂದಿದ್ದೆ. ಮೂರನೆಯ ಮಹಡಿಯ ಓಣಿಯ ತುದಿಯಲ್ಲಿ ನೀವು ಕಾಫಿ ಯಂತ್ರಕ್ಕೆ ಹಣೆ ಆನಿಸಿ ನಿಂತಿದ್ದಿರಿ. ಅದು ನೀವೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಆಟ ನೋಡಲು ಹಾಕಿಕೊಂಡು ಬಂದಿದ್ದ ಅಂಗಿಯನ್ನೇ ಇನ್ನೂ ತೊಟ್ಟಿದ್ದಿರಿ. ನಿಮ್ಮ ಬೆನ್ನ ಮೇಲೆ ಮಗನ ನಂಬರು ಇತ್ತು, ಎಂಬತ್ಮೂರು. ನಿಮ್ಮ ಹತ್ತಿರ ಬರಲು ಒಂದು ಇಪ್ಪತ್ತು ಹೆಜ್ಜೆ ಸಾಕಿತ್ತು. ನಾನು ಮೆಟ್ಟಿಲಿಳಿದು ಹೊರಟುಹೋದೆ. ಹೆದರಿಕೆಯಾಯಿತು. ನೀವು ಬೈಯುತ್ತೀರಿ ಎಂದಲ್ಲ. ನೀವು ತಿರುಗಿ ನೋಡಿದರೆ ನನಗೆ ನಿಮ್ಮ ಮುಖ ಕಾಣುತ್ತದಲ್ಲ, ಅದಕ್ಕೆ.

ಎಲ್ಲರೂ ಅದು ನಿಯಮದೊಳಗಿನ ಹೊಡೆತ ಎನ್ನುತ್ತಿದ್ದಾರೆ. ರೆಫರಿ ತಪ್ಪೆಂದು ಬಾವುಟ ಎಸೆಯಲಿಲ್ಲ. ಲೂಥರ್ ಹೇಗಿದ್ದಾನೆ ಎಂದು ಮಾತ್ರ ನನಗೆ ಯಾರೂ ಹೇಳುತ್ತಿಲ್ಲ. ಒಂದು ಸಾಲು ಬರೆದರೆ ಸಾಕು.

ನಿಮ್ಮ ಕ್ಷಮೆ ಕೋರುವ,
ವರ್ನನ್ ಟ್ಯಾಕೆಟ್


ಹಾಲ್‌ಬ್ರೂಕ್
ನವೆಂಬರ್ 9, 1981

ಶ್ರೀಮತಿ ಬೀಸ್ಲಿ ಅವರಿಗೆ,

ಮೊದಲ ಪತ್ರ ನಿಮಗೆ ತಲುಪಿತೋ ಇಲ್ಲವೋ ತಿಳಿಯದು. ಕತ್ತಿನ ಮೂಳೆ ಮುರಿದಿದೆ, ಭುಜದಿಂದ ಕೆಳಗೆ ಏನೂ ಅಲುಗುವುದಿಲ್ಲ ಎಂದು ಪತ್ರಿಕೆಯಲ್ಲಿ ಓದಿದೆ. ಆ ಪುಟವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡವನು ಅದನ್ನು ಎಸೆಯಲೂ ಆಗದೆ, ಮತ್ತೆ ಬಿಚ್ಚಲೂ ಆಗದೆ ಓಡಾಡುತ್ತಿದ್ದೇನೆ.

ಸೋಮವಾರ ಸೋಮವಾರ ನಮ್ಮನ್ನೆಲ್ಲ ಕತ್ತಲ ಕೋಣೆಯಲ್ಲಿ ಕೂರಿಸಿ ಹಿಂದಿನ ಆಟದ ಫಿಲ್ಮು ತೋರಿಸುತ್ತಾರೆ. ಆ ಆಟದ ಮರು ಸೋಮವಾರವೂ ತೋರಿಸಿದರು. ನಮ್ಮ ಕೋಚ್ ಗ್ರೇಡಿ ಕೋಲಿನಿಂದ ಪರದೆಯ ಮೇಲೆ ನನ್ನನ್ನು ಮುಟ್ಟಿ, “ನೋಡ್ರೋ, ಕಾಲು ಹೆಂಗೆ ಊರಿದಾನೆ ನೋಡಿ. ಹೊಡೆತ ಅಂದ್ರೆ ಇದು!” ಅಂದರು. ಹಿಂದಿನಿಂದ ಯಾರೋ ನನ್ನ ಬೆನ್ನು ತಟ್ಟಿದರು. ಆಮೇಲೆ ಕೋಚ್ ದನಿ ತಗ್ಗಿಸಿ, “ಸರಿ, ಈಗ ಆ ಹುಡುಗನಿಗೋಸ್ಕರ ಒಂದು ನಿಮಿಷ ಪ್ರಾರ್ಥನೆ ಮಾಡೋಣ” ಅಂದರು. ಎಲ್ಲರೂ ತಲೆ ತಗ್ಗಿಸಿದರು. ಪ್ರಾರ್ಥನೆ ಮುಗಿದ ಮೇಲೆ ಫಿಲ್ಮು ಮುಂದುವರಿಯಿತು.

ನಾನು ಆಡುತ್ತಲೇ ಇದ್ದೇನೆ. ಆದರೆ ಮೊನ್ನೆ ಶನಿವಾರ ಎದುರಾಳಿಯೊಬ್ಬ ಚೆಂಡು ಹಿಡಿದು ನೇರ ನನ್ನ ಕಡೆಗೇ ಬಂದಾಗ ನನ್ನ ಮೈ ಪಕ್ಕಕ್ಕೆ ಸರಿದುಬಿಟ್ಟಿತು. ಅಂಗಿ ಹಿಡಿದು ಜಗ್ಗಿದೆ. ಅವನು ನನ್ನನ್ನು ಹತ್ತು ಗಜ ಎಳೆದುಕೊಂಡೇ ಹೋದ. “ಟ್ಯಾಕೆಟ್, ಇಲ್ಲಿಗೆ ಡ್ಯಾನ್ಸ್ ಮಾಡೋಕೆ ಬಂದಿದ್ಯೇನೋ?” ಎಂದು ಕೋಚ್ ಕೂಗಿದ್ದು ಇಡೀ ಸ್ಟೇಡಿಯಂಗೆ ಕೇಳಿಸಿರಬೇಕು.

ಬೆಳಿಗ್ಗೆ ಎಚ್ಚರವಾದ ಕೂಡಲೇ ಮಲಗಿದಲ್ಲೇ ಬೆರಳು ಮಡಚಿ ನೋಡುತ್ತೇನೆ. ಮಡಚುತ್ತವೆ. ಒಡನೆಯೇ ನಾಚಿಕೆಯಾಗುತ್ತದೆ. ನಾಚಿಕೆಯಾದರೂ ಮರುದಿನ ಮತ್ತೆ ನೋಡುತ್ತೇನೆ.

ವರ್ನನ್ ಟ್ಯಾಕೆಟ್


ಡೆಲ್‌ವುಡ್, ಆರ್ಕನ್ಸಾ
ನವೆಂಬರ್ 20, 1981

ವರ್ನನ್ ಟ್ಯಾಕೆಟ್,

ನಿನ್ನ ಮೊದಲ ಕಾಗದವನ್ನು ನಾನು ಓದಿ ಮುಗಿಸಿದ ಮೇಲೆ ನನ್ನ ಗಂಡ ಹಾಯ್ಟ್ ಒಲೆಗೆ ಹಾಕಿದ. ಎರಡನೆಯದು ನನ್ನ ಕೈಗೆ ಸಿಕ್ಕಿತು. ಅದನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಯಾಕೆ ಇಟ್ಟೆ ಎಂದು ಕೇಳಬೇಡ.

ನನ್ನ ಮಗ ಬದುಕಿದ್ದಾನೆ. ಕತ್ತು ಅಲುಗದಂತೆ ಅವನ ತಲೆಬುರುಡೆಗೆ ತಿರುಪು ಹಾಕಿ ಕಬ್ಬಿಣದ ಬಳೆ ಕೂರಿಸಿದ್ದಾರೆ. ನೀನು ಕೇಳಿದ ಒಂದು ಸಾಲು ಇದೇ.

ಇನ್ನು ಬರೆಯಬೇಡ. ಹಾಯ್ಟ್ ಕೈಗೆ ಸಿಕ್ಕರೆ ಒಳ್ಳೆಯದಾಗುವುದಿಲ್ಲ.

ಓಪಲ್ ಬೀಸ್ಲಿ


ಡೆಲ್‌ವುಡ್
ಫೆಬ್ರವರಿ 1, 1982

ವರ್ನನ್,

ಬರೆಯಬೇಡ ಎಂದವಳೇ ಈಗ ಬರೆಯುತ್ತಿದ್ದೇನೆ.

ಹೋದ ವಾರ ಲೂಥರ್‌ನನ್ನು ಮನೆಗೆ ಕರೆತಂದೆವು. ಊಟದ ಮೇಜನ್ನು ಕೊಟ್ಟಿಗೆಗೆ ಹಾಕಿ ಅದರ ಜಾಗದಲ್ಲಿ ಅವನ ಮಂಚ ಹಾಕಿದ್ದೇವೆ. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ನಾನಿಲ್ಲದ ಹೊತ್ತಿನಲ್ಲಿ ಪಕ್ಕದ ಮನೆಯ ವಿಧವೆ ಕಾರ್ಲೀನ್ ಬಂದು ಹೋಗುತ್ತಾಳೆ. ಹಾಯ್ಟ್ ಲಾರಿ ಓಡಿಸುತ್ತಾನೆ. ಮನೆಗೆ ಬಂದರೂ ಮಗನ ಕಾಲಿನ ಕಡೆ ನಿಂತು ಮಾತಾಡುತ್ತಾನೆ, ಮುಖದ ಕಡೆ ಬರುವುದಿಲ್ಲ.

ಲೂಥರ್‌ಗೆ ಆ ದಿನದ್ದು ಏನೂ ನೆನಪಿಲ್ಲ. ಬಸ್ಸಿನಿಂದ ಇಳಿದದ್ದು ನೆನಪಿದೆ. ಅದಾದ ಮೇಲೆ ಆಸ್ಪತ್ರೆಯ ಚಾವಣಿ. ಅವನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಯಾರೂ ಪೂರ್ತಿ ಹೇಳುವುದಿಲ್ಲ. ನಿನ್ನೆ ಅವನ ಬಾಯಿಗೆ ಗಂಜಿ ಹಾಕುತ್ತಿದ್ದಾಗ ಹೇಳಿದ: “ಅಮ್ಮಾ, ಅಲ್ಲಿ ನನ್ ಹತ್ರ ಇದ್ದೋನು ಅವನೊಬ್ನೇ. ಅವನ್ನೇ ಕೇಳು.”

ಆದ್ದರಿಂದ ಕೇಳುತ್ತಿದ್ದೇನೆ. ಏನು ನಡೆಯಿತೋ ಅದನ್ನೇ ಬರೆ. ಅವನಿಗೆ ಕಾಗದ ಹಿಡಿಯಲಾಗುವುದಿಲ್ಲ, ನಾನೇ ಗಟ್ಟಿಯಾಗಿ ಓದಬೇಕು. ನೀನು ಏನು ಬರೆದರೂ ಅದು ಅವನಿಗೆ ತನ್ನ ತಾಯಿಯ ದನಿಯಲ್ಲಿ ಕೇಳಿಸುತ್ತದೆ. ಅದನ್ನು ನೆನಪಿನಲ್ಲಿಟ್ಟುಕೊಂಡು ಬರೆ. ಆದರೆ ಸುಳ್ಳು ಬರೆಯಬೇಡ.

ಕಾಗದವನ್ನು ನಮ್ಮ ಮನೆಗೆ ಹಾಕಬೇಡ. ಶಾಲೆಯ ವಿಳಾಸಕ್ಕೆ ಹಾಕು.

ಓಪಲ್ ಬೀಸ್ಲಿ


ಹಾಲ್‌ಬ್ರೂಕ್
ಫೆಬ್ರವರಿ 10, 1982

ಅಮ್ಮಾ,

ಇದು ನಾಲ್ಕನೆಯ ಸಲ ಬರೆಯುತ್ತಿರುವುದು. ಹಿಂದಿನ ಮೂರನ್ನೂ ಹರಿದೆ. ಅವುಗಳಲ್ಲಿ ಸುಳ್ಳಿರಲಿಲ್ಲ. ಪೂರ್ತಿ ನಿಜವೂ ಇರಲಿಲ್ಲ.

ಆಟದ ಮೂರನೆಯ ಕಾಲುಭಾಗ. ನಾವು ಮುಂದಿದ್ದೆವು. ನಿಮ್ಮ ಕಡೆಯವರು ಚೆಂಡನ್ನು ಮೈದಾನದ ನಡುವಿಗೆ ಎಸೆದರು, ಸ್ವಲ್ಪ ಎತ್ತರಕ್ಕೆ ಹೋಯಿತು. ಲೂಥರ್ ಓಡುತ್ತಲೇ ನೆಗೆದ. ಕಣ್ಣು ಚೆಂಡಿನ ಮೇಲೆ, ಎರಡೂ ಕೈ ಮೇಲೆ. ಹಾಗೆ ನೆಗೆದವನಿಗೆ ತನ್ನ ಎದುರು ಯಾರಿದ್ದಾರೆ ಎಂದು ಕಾಣುವುದಿಲ್ಲ. ನನಗೆ ಅವನು ಪೂರ್ತಿ ಕಾಣುತ್ತಿದ್ದ.

ಚೆಂಡು ಅವನ ಬೆರಳ ತುದಿಗೆ ತಗುಲಿ ಹಿಂದಕ್ಕೆ ಹೋಯಿತು. ಅದನ್ನು ನಾನು ನೋಡಿದೆ. ಎಲ್ಲರೂ ‘ಅವನಿಗೆ ಯೋಚಿಸೋಕೆ ಟೈಮೇ ಇರ್ಲಿಲ್ಲ’ ಎನ್ನುತ್ತಾರೆ. ಇತ್ತು. ಚೆಂಡು ಹೋದ ಮೇಲೂ ನಮ್ಮಿಬ್ಬರ ನಡುವೆ ಎರಡು ಹೆಜ್ಜೆ ಇತ್ತು. ಎರಡು ಹೆಜ್ಜೆಯಲ್ಲಿ ಭುಜ ತಿರುಗಿಸಬಹುದು, ಸೊಂಟ ತಬ್ಬಿ ಉರುಳಬಹುದು. ನಾನು ತಲೆ ತಗ್ಗಿಸಿ ಹೆಲ್ಮೆಟ್ಟನ್ನು ಅವನ ಗದ್ದದ ಕೆಳಗೆ ಕೊಟ್ಟೆ. ಹಾಗೆ ಹೊಡೆದರೆ ಮುಂದಿನ ಸಲ ಚೆಂಡು ಬಂದಾಗ ಎದುರಿನವನು ಹೆದರುತ್ತಾನೆ. ನಮಗೆ ಅದನ್ನೇ ಕಲಿಸಿದ್ದರು. ಆದರೆ ಆ ಎರಡು ಹೆಜ್ಜೆ ಇಟ್ಟವನು ಕೋಚ್ ಅಲ್ಲ, ನಾನು.

ಜನ ಹೋ ಎಂದರು. ಅದು ಕೇಳಿ ನನಗೆ ಖುಷಿಯಾಯಿತು. ಇದನ್ನೂ ಬರೆಯಬೇಕು.

ಇನ್ನೊಂದಿದೆ. ಯಾರಿಗೂ ಹೇಳಿಲ್ಲ, ಫಿಲ್ಮಿನಲ್ಲಿ ದನಿ ಇಲ್ಲ. ನಾನು ಅವನ ಮೇಲೆ ಬಗ್ಗಿ ನಿಂತು, “ಏಳೇ ರಾಜಕುಮಾರಿ, ಸ್ಕೂಲ್‌ಗೆ ಹೊತ್ತಾಯ್ತು!” ಎಂದೆ. ಅವನ ಕಣ್ಣು ತೆರೆದೇ ಇತ್ತು. ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ, ಜೊತೆಯವನನ್ನು ಕೇಳುವ ಹಾಗೆ ಕೇಳಿದ: “ನನ್ ಕೈ ಎಲ್ಲೋ?”

ಅವನ ಕೈಗಳು ಅಲ್ಲೇ ಪಕ್ಕದಲ್ಲಿದ್ದವು.

ವರ್ನನ್


ಹಾಲ್‌ಬ್ರೂಕ್
ಮಾರ್ಚ್ 29, 1982

ಅಮ್ಮಾ,

ಏಳು ವಾರವಾಯಿತು. ನೀವು ಉತ್ತರ ಬರೆಯಬೇಕೆಂದಿಲ್ಲ. ಅವನಿಗೆ ಓದಿ ಹೇಳಿದಿರೋ ಇಲ್ಲವೋ ಎಂಬುದು ಗೊತ್ತಾಗದೆ, ಅಂಚೆ ಬರುವ ಹೊತ್ತಾದರೆ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ.

ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಿ. ಮುಂದಿನ ತಿಂಗಳು ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ನನ್ನ ಹೆಸರೂ ಪಟ್ಟಿಯಲ್ಲಿದೆ. ಹೋದ ವಾರ ಒಂದು ತಂಡದವರು ಬಂದಿದ್ದರು. ಅಕ್ಟೋಬರ್ ನಂತರ ನಾನು ಆಡಿದ್ದು ಅವರಿಗೆ ಬೇಡ, ಅದು ಚೆನ್ನಾಗಿಲ್ಲ ಎಂದು ನನಗೂ ಗೊತ್ತು. ಬೇಕಾಗಿದ್ದು ಆ ಒಂದು ಹೊಡೆತ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆರು ಸಲ ನೋಡಿದರು. ಪ್ರತಿ ಸಲವೂ ಫಿಲ್ಮನ್ನು ಹಿಂದಕ್ಕೆ ತಿರುಗಿಸಬೇಕಲ್ಲ, ಆಗ ಲೂಥರ್ ನೆಲದಿಂದ ಏಳುತ್ತಾನೆ, ಗಾಳಿಗೆ ಹಾರುತ್ತಾನೆ, ಚೆಂಡು ತಾನಾಗಿ ಅವನ ಬೆರಳಿಗೆ ಬರುತ್ತದೆ. ನಾನು ಹಿಂದೆ ಹಿಂದೆ ಓಡಿ ದೂರ ಹೋಗಿಬಿಡುತ್ತೇನೆ. ಒಂದು ಗಳಿಗೆ ಎಲ್ಲ ಸರಿಯಾಗಿರುತ್ತದೆ. ಆಮೇಲೆ ಅವರಲ್ಲೊಬ್ಬ ಮತ್ತೆ ಗುಂಡಿ ಒತ್ತುತ್ತಾನೆ.

ಹೋಗುವಾಗ ಕೈ ಕುಲುಕಿ, “ಇದು ಕಲಿಸಿದ್ರೆ ಬರಲ್ಲ ಕಣಯ್ಯ, ಹುಟ್ಟಿನಿಂದ್ಲೇ ಬರ್ಬೇಕು” ಎಂದ.

ಆ ಮಾತು ನನ್ನನ್ನು ಬಿಟ್ಟಿಲ್ಲ. ನಿಜವೇ ಇರಬಹುದೆಂದು ಹೆದರಿಕೆ.

ವರ್ನನ್


ಡೆಲ್‌ವುಡ್
ಏಪ್ರಿಲ್ 14, 1982

ವರ್ನನ್,

ನಿನ್ನ ಫೆಬ್ರವರಿಯ ಕಾಗದವನ್ನು ಬಂದ ದಿನವೇ ಲೂಥರ್‌ಗೆ ಓದಿದ್ದೆ. ‘ಎರಡು ಹೆಜ್ಜೆ ಇಟ್ಟವನು ನಾನು’ ಎಂಬಲ್ಲಿಯವರೆಗೆ ಓದಿ ಮಡಚಿಟ್ಟೆ.

“ಅಷ್ಟೇನಾ ಅಮ್ಮಾ?” ಎಂದ.

“ಅಷ್ಟೇ.”

“ಮತ್ತೆ ಆ ಕಡೆ ಪುಟದಲ್ಲಿ ಏನೋ ಬರ್ದಿದಾನಲ್ಲ. ಬೆಳಕಿಗೆ ಕಾಣಿಸ್ತಿದೆ.”

ನಾನು ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಎದ್ದುಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಆಮೇಲೆ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಟು ವಾರ ಹಾಗೇ ಕಳೆಯಿತು. ಈಸ್ಟರ್ ದಿನ ಚರ್ಚಿನಿಂದ ಬಂದು ಕೋಟು ಬಿಚ್ಚುತ್ತಿದ್ದೆ. “ಈಗ ಓದು” ಎಂದ. ಯಾವುದನ್ನು ಎಂದು ನಾನು ಕೇಳಲಿಲ್ಲ.

ಓದಿದೆ. ನೀನು ಅಂದದ್ದನ್ನೂ, ಅವನು ನಿನ್ನನ್ನು ಕೇಳಿದ್ದನ್ನೂ ನನ್ನ ಬಾಯಿಂದಲೇ ಹೇಳಿದೆ. ಅವನು ಸ್ವಲ್ಪ ನೀರು ಕುಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಅವನಿಂದ ಆಗುವುದು ಅದೊಂದೇ. ಇವತ್ತಿಗೆ ಮೂರು ದಿನ, ಒಂದು ಮಾತಾಡಿಲ್ಲ. ಚಮಚ ತುಟಿಗೆ ತಂದರೆ ಬಾಯಿ ತೆರೆಯುವುದಿಲ್ಲ. ಬೇರೆ ಯಾರಾದರೂ ಹಟ ಹಿಡಿದರೆ ಎದ್ದು ಹೋಗುತ್ತಾರೆ, ಬಾಗಿಲು ಬಡಿಯುತ್ತಾರೆ. ಇವನು ಬಾಯಿ ಮುಚ್ಚಿದರೆ ನಾನು ರಾತ್ರಿಯಿಡೀ ಮಂಚದ ಪಕ್ಕ ಕೂತು ಅವನ ಉಸಿರು ಎಣಿಸುತ್ತೇನೆ.

ಆ ಸಾಲುಗಳನ್ನು ನೀನು ನಿನ್ನ ಎದೆ ಹಗುರ ಮಾಡಿಕೊಳ್ಳಲು ಬರೆದೆಯೋ, ನಾನು ಕೇಳಿದೆನೆಂದು ಬರೆದೆಯೋ ಗೊತ್ತಿಲ್ಲ. ನಾನೊಬ್ಬಳೇ ಹೆದರಿಕೊಂಡು ಕೂರುವುದು ನ್ಯಾಯವಲ್ಲ ಎನ್ನಿಸಿತು. ನೀನೂ ಹೆದರು.

ಓಪಲ್


ಹಾಲ್‌ಬ್ರೂಕ್
ಏಪ್ರಿಲ್ 30, 1982

ಅಮ್ಮಾ,

ಊರಿನ ಮನೆಗೆ ಹೋಗಿದ್ದಾಗ ಒಂದು ವೃತ್ತಿಪರ ತಂಡದಿಂದ ಕರೆ ಬಂತು. ಆಯ್ಕೆಯ ಐದನೆಯ ಸುತ್ತಿನಲ್ಲಿ ನನ್ನನ್ನು ತೆಗೆದುಕೊಂಡರು. ನನ್ನ ತಾಯಿ ಫೋನು ಹಿಡಿದುಕೊಂಡೇ ಅತ್ತಳು. ನೆರೆಹೊರೆಯವರು ಕೇಕು ತಂದರು. ನಾನು ನಗುತ್ತಾ ನಿಂತಿದ್ದೆ.

ಲೂಥರ್ ಊಟ ಮಾಡಿದನೇ? ಅದೊಂದನ್ನು ತಿಳಿಸಿ.

ವರ್ನನ್


ಡೆಲ್‌ವುಡ್
ಮೇ 9, 1982

ಟ್ಯಾಕೆಟ್,

ಊಟ ಮಾಡಿದೆ. ನಾಲ್ಕನೆಯ ದಿನ ಅಮ್ಮ ಕಾರ್ಲೀನಮ್ಮನ ಕೈಲಿ ಬೆಣ್ಣೆ ಬೀನ್ಸು ಮಾಡಿಸಿದಳು. ಆ ವಾಸನೆಗೆ ಸೋತೆ. ಇದನ್ನು ನಾನು ಹೇಳುತ್ತೇನೆ, ಅಮ್ಮ ಬರೆಯುತ್ತಾಳೆ. ಆದ್ದರಿಂದ ನಿನಗೆ ಹೇಳಬೇಕಾದ ಒಳ್ಳೊಳ್ಳೆಯ ಬೈಗುಳಗಳು ಇದರಲ್ಲಿ ಇರುವುದಿಲ್ಲ.

ಮೂರು ದಿನ ಸುಮ್ಮನಿದ್ದದ್ದು ನಿನ್ನ ಮೇಲಿನ ಸಿಟ್ಟಿಗೆ ಎಂದು ಅಮ್ಮ ತಿಳಿದಳು. ಅದೂ ಇತ್ತು. ಇನ್ನೊಂದು ವಿಷಯವೂ ಇತ್ತು, ಅದನ್ನು ಅಮ್ಮನಿಗೂ ಈಗಲೇ ಹೇಳುತ್ತಿರುವುದು.

ಹೈಸ್ಕೂಲಿನಲ್ಲಿ ನಾನು ಎರಡೂ ಕಡೆ ಆಡುತ್ತಿದ್ದೆ, ಚೆಂಡು ಹಿಡಿಯುವುದಕ್ಕೂ ನಾನೇ, ಹಿಡಿದವನನ್ನು ಕೆಡವುವುದಕ್ಕೂ ನಾನೇ. ಕೊನೆಯ ವರ್ಷ ಪಕ್ಕದ ಊರಿನ ಒಬ್ಬ ಸಣಕಲು ಹುಡುಗ ಚೆಂಡು ಕಳೆದುಕೊಂಡು ಇನ್ನೂ ಗಾಳಿಯಲ್ಲೇ ಇದ್ದ. ಆಗ ತಲೆಯಿಂದ ಹೊಡೆದೆ. ಅವನು ಬಿದ್ದ. ನಾನು ಅವನ ಮೇಲೆ ನಿಂತು ನಾಯಿಯ ಹಾಗೆ ಬೊಗಳಿದೆ. ನಮ್ಮೂರವರೆಲ್ಲ ನಕ್ಕರು. ನಮ್ಮಪ್ಪನೂ ನಕ್ಕ. ಚರ್ಚಿನಲ್ಲಿ ಒಂದು ಚರಣ ಹಾಡಿ ಮುಗಿಸುವಷ್ಟು ಹೊತ್ತು ಆ ಹುಡುಗ ಅಲ್ಲಾಡಲಿಲ್ಲ. ಆಮೇಲೆ ಎದ್ದ. ಹುಲ್ಲು ಕೊಡವಿಕೊಂಡು ಹೋದ. ನಾನು ಮನೆಗೆ ಬಂದು ಹೊಟ್ಟೆ ತುಂಬ ಮೀನು ತಿಂದೆ. ನಿನ್ನ ಕಾಗದ ಕೇಳುವವರೆಗೆ ಅವನು ನನ್ನ ನೆನಪಿಗೇ ಬಂದಿರಲಿಲ್ಲ. ಹೆಸರೂ ಗೊತ್ತಿಲ್ಲ.

ನನಗೂ ನಿನಗೂ ಇರುವ ವ್ಯತ್ಯಾಸ ಇಷ್ಟೇ. ನನ್ನವನು ಎದ್ದ.

ಇದನ್ನು ಕ್ಷಮೆ ಎಂದು ತಿಳಿಯಬೇಡ. ಕೆಲವು ದಿನ ನೀನು ಈ ಮಂಚದ ಮೇಲೆ ಮಲಗಬೇಕು, ನಾನು ಕಿಟಕಿಯ ಹೊರಗೆ ಓಡಿಹೋಗುವುದನ್ನು ನೀನು ನೋಡಬೇಕು ಅನ್ನಿಸುತ್ತದೆ. ನನಗೆ ಸಾವಿನ ಹೆದರಿಕೆ ಇಲ್ಲ. ನಿಜವಾದ ಹೆದರಿಕೆ ಯಾವುದು ಗೊತ್ತಾ? ಕಾರ್ಲೀನಮ್ಮ ಹೋಗಿ ಅಮ್ಮ ಬರುವ ನಡುವೆ ಅರ್ಧ ಗಂಟೆ ಇರುತ್ತದೆ. ಆ ಹೊತ್ತಿಗೆ ಒಂದು ನೊಣ ಒಳಗೆ ಬರುತ್ತದೆ. ತುಟಿಯ ಮೇಲೆ ಕೂತು ನಿಧಾನವಾಗಿ ನಡೆಯುತ್ತದೆ. ಊದುತ್ತೇನೆ, ಕಣ್ಣಿನ ಕಡೆ ಹೋಗುತ್ತದೆ. ಅಷ್ಟೇ. ಆರಡಿ ಎರಡಂಗುಲದ ಗಂಡಸು ಒಂದು ನೊಣಕ್ಕೆ ಬೆವರುತ್ತೇನೆ.

ಆ ತಂಡದವರ ತರಬೇತಿ ಕ್ಯಾಂಪಿಗೆ ಹೋಗುತ್ತೀಯಾ? ಹೋದರೆ ಹೋಗು. ಆದರೆ ನನಗೋಸ್ಕರ ಆಡುತ್ತೇನೆ ಗೀಡುತ್ತೇನೆ ಎಂದು ಯಾರ ಹತ್ತಿರವೂ ಹೇಳಬೇಡ.

ಲೂಥರ್ ಬೀಸ್ಲಿ
(ಬರೆದದ್ದು ಅಮ್ಮ. ಅವಳು ಈಗ ಅಳುತ್ತಿದ್ದಾಳೆ. ಇದನ್ನೂ ಅವಳ ಕೈಯಲ್ಲೇ ಬರೆಸುತ್ತಿದ್ದೇನೆ.)


ಟ್ರೆಂಟನ್ ಹತ್ತಿರ, ಟೆನೆಸೀ
ಆಗಸ್ಟ್ 2, 1982

ಅಮ್ಮನಿಗೆ, ಲೂಥರ್‌ಗೆ,

ಕ್ಯಾಂಪಿಗೆ ಹೋಗಿದ್ದೆ. ಹನ್ನೊಂದು ದಿನ ಇದ್ದೆ.

ಮೊದಲ ವಾರ ಬರೀ ಓಟ, ಮೈ ಮುಟ್ಟುವ ಹಾಗಿರಲಿಲ್ಲ. ಚೆನ್ನಾಗಿಯೇ ಓಡಿದೆ. ಮುಗಿದುಹೋಯಿತು, ನಾನೂ ಎಲ್ಲರಂತಾದೆ ಎಂದುಕೊಂಡೆ. ಪೂರ್ತಿ ಕವಚ ತೊಟ್ಟು ಆಡುವ ಮೊದಲ ದಿನ ಒಬ್ಬ ಹೊಸಬ ಮೈದಾನದ ನಡುವಿಗೆ ಓಡಿ ಬಂದ. ಚೆಂಡು ಎತ್ತರಕ್ಕೆ ಬಂತು. ಅವನು ನೆಗೆದ. ನನ್ನ ತಲೆ ತಾನಾಗಿ ತಗ್ಗಿತು. ನಾನು ತಗ್ಗಿಸಲಿಲ್ಲ ಅಮ್ಮಾ, ಅದೇ ತಗ್ಗಿತು. ಒಂಬತ್ತು ತಿಂಗಳು ಇದನ್ನೇ ಯೋಚಿಸಿದವನ ಕತ್ತು ಒಂದು ಕ್ಷಣವೂ ಕಾಯಲಿಲ್ಲ. ಇಂಥ ಹೆದರಿಕೆ ನನಗೆ ಆಸ್ಪತ್ರೆಯ ಓಣಿಯಲ್ಲೂ ಆಗಿರಲಿಲ್ಲ.

ಹೇಗೆ ತಡೆದುಕೊಂಡೆನೋ ತಿಳಿಯದು. ಮೊಣಕಾಲ ಮೇಲೆ ಬಿದ್ದೆ. ಆ ಹುಡುಗ ನನ್ನನ್ನು ದಾಟಿ ನಗುತ್ತಾ ಓಡಿದ. ಅಲ್ಲಿನ ಕೋಚ್ ಬಂದು ನನ್ನ ಹೆಲ್ಮೆಟ್ಟಿನ ಸರಳು ಹಿಡಿದು ಎತ್ತಿ, “ಏನಯ್ಯಾ, ಹೆದರಿಬಿಟ್ಯಾ?” ಎಂದರು. ಸುತ್ತ ಎಲ್ಲರೂ ನಿಂತಿದ್ದರು.

“ಹೌದು ಸಾರ್, ಹೆದರ್ದೆ” ಎಂದೆ.

“ಅವನಿಗಾ? ಅವನಿನ್ನೂ ಮೀಸೆ ಬರ್ದಿರೋ ಕೂಸು.”

“ಅವನಿಗಲ್ಲ ಸಾರ್.”

ಇನ್ನೂ ನಾಲ್ಕು ದಿನ ನೋಡಿದೆ. ಆಗಲಿಲ್ಲ. ತಂಡದ ಆಟದ ತಂತ್ರಗಳ ಪುಸ್ತಕ ಹಿಂದಿರುಗಿಸಿ ಬಸ್ಸು ಹತ್ತಿದೆ. ಆರು ವರ್ಷದವನಿದ್ದಾಗಿನಿಂದ ಆಡಿದ್ದು. ನನಗೆ ಬೇರೇನೂ ಬರುವುದಿಲ್ಲ. ಈಗ ನಮ್ಮೂರಿನಲ್ಲಿ ಜಾನುವಾರು ಮೇವಿನ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದೇನೆ. ನನ್ನ ತಾಯಿ ನನ್ನ ಜೊತೆ ಮಾತಾಡುತ್ತಾಳೆ, ಆದರೆ ಕೇಕು ತಂದ ನೆರೆಯವರ ಎದುರಿಗೆ ಹೋಗುತ್ತಿಲ್ಲ.

ನಿಮಗೋಸ್ಕರ ಬಿಟ್ಟೆ ಎಂದು ಹೇಳುತ್ತಿಲ್ಲ. ನನಗೆ ನನ್ನ ಹೆದರಿಕೆ.

ವರ್ನನ್


ಡೆಲ್‌ವುಡ್
ಆಗಸ್ಟ್ 11, 1982

ವರ್ನನ್,

ಮೂಟೆ ಹೊರುತ್ತೇನೆ ಎಂದು ಬರೆದಿದ್ದೀಯ. ಹಾಗಾದರೆ ಕೇಳು. ಭಾನುವಾರ ಭಾನುವಾರ ಲೂಥರ್‌ನನ್ನು ಮಂಚದಿಂದ ಎತ್ತಿ ಸ್ನಾನದ ತೊಟ್ಟಿಗೆ, ಅಲ್ಲಿಂದ ಕುರ್ಚಿಗೆ ಕೂರಿಸಬೇಕು. ಹಾಯ್ಟ್ ಮುಖ ತಿರುಗಿಸಿಕೊಂಡೇ ಎತ್ತುತ್ತಿದ್ದ. ಅವನ ಸೊಂಟ ಹಿಡಿದುಕೊಂಡಿದೆ. ಹೋದ ವಾರ ನಾನೂ ಕಾರ್ಲೀನಳೂ ಸೇರಿ ಎತ್ತಲು ಹೋದಾಗ ನನ್ನ ಕೈ ಜಾರಿತು. ಬೀಳಲಿಲ್ಲ. ಆದರೆ ಆಗಿನಿಂದ ಮಂಚದ ಮೇಲೇ ಒದ್ದೆ ಬಟ್ಟೆಯಿಂದ ಅವನ ಮೈ ಒರೆಸುತ್ತಿದ್ದೇನೆ.

ಹಾಯ್ಟ್‌ಗೆ ಎಲ್ಲ ಹೇಳಿದೆ. ಕಾಗದಗಳ ವಿಷಯವನ್ನೂ. ಮರುದಿನ ಬೂಟು ಹಾಕಿಕೊಳ್ಳುತ್ತಾ, “ಬರೋದಾದ್ರೆ ಭಾನುವಾರ ಬರ್ಲಿ. ನಾನು ಚರ್ಚಿಗೆ ಹೋಗಿರ್ತೀನಿ” ಎಂದ. ಅಕ್ಟೋಬರ್‌ನಿಂದ ಅವನು ಚರ್ಚಿನ ಮೆಟ್ಟಿಲು ಹತ್ತಿಲ್ಲ.

ಒಂದು ತೋಳು ಕತ್ತಿನ ಕೆಳಗೆ, ಒಂದು ಮೊಣಕಾಲ ಕೆಳಗೆ. ತಲೆ ಹಿಂದಕ್ಕೆ ವಾಲಬಾರದು. ಬರುವುದಕ್ಕೆ ಮುಂಚೆ ಇದನ್ನು ಚೆನ್ನಾಗಿ ಯೋಚಿಸು.

ಓಪಲ್


ಡೆಲ್‌ವುಡ್
ಆಗಸ್ಟ್ 23, 1982

ವರ್ನನ್,

ನಿನ್ನೆ ನೀನು ಊಟಕ್ಕೂ ನಿಲ್ಲದೆ ಹೊರಟುಬಿಟ್ಟೆ. ಹೇಳಬೇಕಾದ್ದು ಉಳಿಯಿತು, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಬಾಗಿಲಲ್ಲಿ ನಿಂತಾಗ ನಿನ್ನನ್ನು ನೋಡುವ ಧೈರ್ಯ ನನಗೂ ಇರಲಿಲ್ಲ. ನಿನ್ನ ಕೈಗಳನ್ನೇ ನೋಡಿದೆ. ಅವನ ಕತ್ತಿನ ಕೆಳಗೆ ತೋಳು ತೂರಿಸಿದಾಗ ಅವು ಎಷ್ಟು ನಡುಗುತ್ತಿದ್ದವೆಂದರೆ ಮಂಚದ ಕಂಬಿ ಸದ್ದು ಮಾಡುತ್ತಿತ್ತು. ನಾನು ಮೈ ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಿಂತೆ. ಬೇಡ ಎಂದು ಕೂಗುವವಳಿದ್ದೆ. ಅಷ್ಟರಲ್ಲಿ ಲೂಥರ್, “ಎತ್ತೋ ಮಾರಾಯಾ. ಬೀಳ್ಸಿದ್ರೂ ಇನ್ನೇನು ಮುರಿಯೋದು ಉಳ್ದಿದೆ?” ಎಂದ. ನೀನು ಅತ್ತೆಯೋ ನಕ್ಕೆಯೋ ನನಗೆ ಗೊತ್ತಾಗಲಿಲ್ಲ. ಎತ್ತಿದೆ.

ಹಾಯ್ಟ್ ಚರ್ಚಿಗೆ ಹೋಗಿರಲಿಲ್ಲ. ನೀನು ಬಂದಾಗಿನಿಂದಲೂ ಅಂಗಳದ ಆಚೆ ಲಾರಿಯಲ್ಲಿ ಕೂತಿದ್ದ. ಅವನು ಒಳಗೆ ಬಂದಾಗ ನೀನು ಲೂಥರ್‌ನನ್ನು ತೋಳಲ್ಲಿ ಹಿಡಿದು ಕೋಣೆಯ ನಡುವೆ ನಿಂತಿದ್ದೆ, ಇಳಿಸುವ ಹಾಗೂ ಇರಲಿಲ್ಲ, ಓಡುವ ಹಾಗೂ ಇರಲಿಲ್ಲ. ಅವನು ನಿನ್ನ ಹತ್ತಿರ ಬಂದು, ನಿನ್ನ ಮುಖ ನೋಡದೆ, “ಮೊಣಕಾಲು ಬಗ್ಸು. ಸೊಂಟದ ಮೇಲೆ ಭಾರ ಹಾಕ್ಬೇಡ. ನನ್ ಗತಿ ಆಗತ್ತೆ” ಎಂದ. ಆಮೇಲೆ ಮಗನ ತಲೆ ವಾಲದ ಹಾಗೆ ತನ್ನ ಅಂಗೈ ಕೊಟ್ಟು, ತೊಟ್ಟಿಯವರೆಗೂ ನಿನ್ನ ಜೊತೆ ನಡೆದ. ಎತ್ತುವಾಗ ಅವನು ಮಗನ ಮುಖ ನೋಡಿದ್ದು ಅದೇ ಮೊದಲು.

ನೀನು ಹೋದ ಮೇಲೆ ಕೇಳಿದ, “ಅವನು ಮತ್ತೆ ಬರ್ತಾನಾ?” ಗೊತ್ತಿಲ್ಲ ಎಂದೆ.

“ಬಂದ್ರೆ ನಾನು ಮನೇಲೇ ಇರ್ತೀನಿ” ಎಂದ.

ಅದು ಬೆದರಿಕೆಯೋ ಬೇರೇನೋ, ಇಪ್ಪತ್ತಾರು ವರ್ಷ ಅವನ ಜೊತೆ ಬಾಳಿದ ನನಗೂ ತಿಳಿಯಲಿಲ್ಲ. ಕೇಳುವ ಧೈರ್ಯವಾಗಲಿಲ್ಲ. ನೀನು ಬಾ.

ಓಪಲ್